ಇಂಜಿನ್ನಿಗೆ ಕೈಮುಗಿದು ಬರುವಷ್ಟರಲ್ಲಿ

ಈ ಸಲ ಅಮ್ಮನನ್ನು ಮದ್ರಾಸಿಗೆ ರೈಲಿನಲ್ಲೇ ಕರೆದೊಯ್ಯುತ್ತೇನೆ, ಅದೂ ನಮ್ಮಪ್ಪ ನಮ್ಮನ್ನು ಕರೆದೊಯ್ಯುತ್ತಿದ್ದ ಹಾಗೆಯೇ ಕರೆದೊಯ್ಯುತ್ತೇನೆ ಎಂದು ಒಂದು ಭಾನುವಾರ ಊಟದ ಮಧ್ಯೆ ಘೋಷಿಸಿಬಿಟ್ಟೆ! ಕೈಯಲ್ಲಿ ಮುದ್ದೆಯ ತುತ್ತಿತ್ತು, ಇಲ್ಲದಿದ್ದರೆ ಎದೆ ತಟ್ಟಿಕೊಂಡೇ ಹೇಳುತ್ತಿದ್ದೆ. ಎ.ಸಿ. ಡಬ್ಬಿ ಕೂಡದು, ಮೊಬೈಲು ಕೂಡದು. ಕಿಟಕಿ ತೆರೆದಿರಬೇಕು, ಮುಖಕ್ಕೆ ಗಾಳಿ ಬಡಿಯಬೇಕು, ಬುತ್ತಿ ಮನೆಯದೇ ಆಗಿರಬೇಕು.

"ಕಲ್ಲಿದ್ದಲ ಪುಡಿ?" ಎಂದಳು ನನ್ನ ಹೆಂಡತಿ ಶಾಂತಕುಮಾರಿ. "ಅದನ್ನ ಇಲ್ಲಿಂದಲೇ ಕಟ್ಕೊಂಡು ಹೋಗೋಣ್ವಾ, ಅಲ್ಲೇ ತಗೊಳ್ಳೋಣ್ವಾ?"

ನಾನು ವ್ಯಾಪಾರಿ. ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಸಂದಿಯಲ್ಲಿ ಸೀರೆಯ ಫಾಲು, ಲೈನಿಂಗ್ ಬಟ್ಟೆ, ಗುಂಡಿ, ಹುಕ್ಕು ಮಾರುವ ಅಂಗಡಿ. ಅಪ್ಪ ಹಾಕಿದ್ದು, ನಲವತ್ತು ವರ್ಷದಿಂದ ನಾನು ಕೂತಿದ್ದೇನೆ. ಬಂದವರು ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿಯುವ ರೀತಿಯಲ್ಲೇ ಇವರು ಕೊಳ್ಳುವವರೋ, ಬಣ್ಣ ಹೊಂದಿಸಿ ನೋಡಿಕೊಂಡು ಪಕ್ಕದಂಗಡಿಗೆ ಹೋಗುವವರೋ ಎಂದು ಹೇಳಬಲ್ಲೆ. ಅಷ್ಟು ಚಾಲಾಕಿನವನು ರೈಲಿನ ಮಾತು ಬಂತೆಂದರೆ ಆರು ವರ್ಷದ ಹುಡುಗನಾಗಿಬಿಡುತ್ತಾನೆ ಎಂಬುದು ಶಾಂತಕುಮಾರಿಯ ಹಳೆಯ ದೂರು.

ಆಗದೆ ಇರುತ್ತದೆಯೇ? ಪ್ರತಿ ಮೇ ತಿಂಗಳು ಅಪ್ಪ ಎಂಟು ದಿನ ಅಂಗಡಿಗೆ ಬೀಗ ಹಾಕಿ ನಮ್ಮನ್ನು ಹಲಸೂರಿನ ಮನೆಯಿಂದ ಜಟಕಾದಲ್ಲಿ ತುಂಬಿಕೊಂಡು ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೊರಡುತ್ತಿದ್ದ. ಮದ್ರಾಸಿನ ಪೆರಂಬೂರಿನಲ್ಲಿ ದೊಡ್ಡಮ್ಮನ ಮನೆ. ಹಾಸಿಗೆ ಸುತ್ತಿದ ಹೋಲ್ಡಾಲು, ಟ್ರಂಕು, ಹಿತ್ತಾಳೆಯ ಕೂಜ, ಬಾಳೆಯೆಲೆಯಲ್ಲಿ ಕಟ್ಟಿದ ಚಿತ್ರಾನ್ನ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಮೊದಲು ಹೊಗೆ ಕಾಣುತ್ತಿತ್ತು, ಆಮೇಲೆ ಸದ್ದು, ಆಮೇಲೆ ಕಾಲ ಕೆಳಗಿನ ಕಲ್ಲೇ ನಡುಗುವುದು, ಕೊನೆಗೆ ಇಂಜಿನ್ನು! ಕರಿಯ ಮೈ, ಕೆಂಪು ಮೂತಿ, ಎರಡು ಕಡೆಯೂ ಬುಸುಗುಡುವ ಹಬೆ. ನಾನು ಅಪ್ಪನ ಪಂಚೆಯ ಹಿಂದೆ ಅಡಗುತ್ತಿದ್ದೆ. ಬಂಗಾರಪೇಟೆಯಲ್ಲಿ ಒಂದು ಕಂಬದಿಂದ ಆನೆಯ ಸೊಂಡಿಲಿನಂಥ ಕೊಳವೆ ಇಳಿಬಿಟ್ಟು ಅದಕ್ಕೆ ನೀರು ಕುಡಿಸುತ್ತಿದ್ದರು. ಅದು ಕುಡಿದು ಮುಗಿಸುವವರೆಗೆ ಗಾಡಿಯಲ್ಲಿದ್ದವರೆಲ್ಲ ಕೆಳಗಿಳಿದು ಕಾಲಾಡಿಸುತ್ತಿದ್ದರು. ಕಿಟಕಿಯಿಂದ ತಲೆ ಹೊರಗೆ ಹಾಕಿದವನ ಕಣ್ಣಿಗೆ ಇದ್ದಿಲ ಕಣ ಬೀಳುವುದು ಖಂಡಿತ. ಅಮ್ಮ ಸೆರಗಿನ ತುದಿಯನ್ನು ಉಂಡೆ ಮಾಡಿ, ಬಾಯಿಯ ಬಿಸಿಯುಸಿರು ಊದಿ ಕಣ್ಣಿಗೆ ಒತ್ತುತ್ತಿದ್ದಳು. ಪೆರಂಬೂರಿನಲ್ಲಿ ಇಳಿದರೆ ದೊಡ್ಡಮ್ಮ ನಮ್ಮನ್ನು ನೇರ ಹಿತ್ತಲಿಗೆ ಅಟ್ಟಿ ಸೀಗೆಪುಡಿ ಹಾಕಿ ಉಜ್ಜುತ್ತಿದ್ದಳು. ಮೂರನೇ ಚೊಂಬು ನೀರಿಗೆ ಯಾವುದು ಅಂಜನಮೂರ್ತಿ, ಯಾವುದು ಅವನ ತಂಗಿ ಎಂದು ತಿಳಿಯುತ್ತಿತ್ತು!

ಅಪ್ಪನಿಗೆ ಒಂದು ವ್ರತವಿತ್ತು. ನಮ್ಮನ್ನು ಸೀಟಿನಲ್ಲಿ ಕೂರಿಸಿದ ಮೇಲೆ ನನ್ನ ಕೈ ಹಿಡಿದು ಮುಂದಿನ ತುದಿಯವರೆಗೂ ನಡೆಸಿಕೊಂಡು ಹೋಗಿ, ಇಂಜಿನ್ನಿಗೆ ಒಂದು ಮೊಳ ಮಲ್ಲಿಗೆ ಸಿಕ್ಕಿಸಿ ಕೈಮುಗಿಸುತ್ತಿದ್ದ. "ನಮ್ಮನ್ನೆಲ್ಲ ಎಳ್ಕೊಂಡು ಹೋಗೋದು ಅದು ಕಣೋ. ಒಂದು ನಮಸ್ಕಾರ ಬೇಡ್ವಾ?" ಆಯುಧಪೂಜೆಯ ದಿನ ಕತ್ತರಿಗೂ ಅಳತೆಕೋಲಿಗೂ ಕುಂಕುಮವಿಡುವ ಮನೆ ನಮ್ಮದು. ಇಂಜಿನ್ನನ್ನು ಬಿಡುತ್ತೇವೆಯೇ!

ಆದರೆ ಈ ಸಲದ ಪ್ರಯಾಣ ಮೋಜಿಗಾಗಿ ಅಲ್ಲ. ಪೆರಂಬೂರಿನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ ದೊಡ್ಡಮುನಿಯಮ್ಮನಿಗೆ ಈಗ ಎಂಬತ್ತಾರು. ಒಂದು ಕಣ್ಣು ಹೋಗಿ ಮೂರು ವರ್ಷವಾಗಿದೆ. ಉಳಿದೊಂದಕ್ಕೆ ನಾವು ಹೊರಡುವ ದಿನದ ಮರುದಿನ ಬೆಳಗ್ಗೆ ಆಪರೇಷನ್ನು. ಆ ಡಾಕ್ಟರ ಬಳಿ ದಿನ ಸಿಕ್ಕುವುದಕ್ಕೇ ನಾಲ್ಕು ತಿಂಗಳು ಹಿಡಿದಿತ್ತು. ಅಕ್ಕತಂಗಿ ಮುಖಾಮುಖಿಯಾಗಿ ಒಂಬತ್ತು ವರ್ಷ. "ಚಿಕ್ಕಿ ಬಂದು ಕೈ ಹಿಡ್ಕೊಳ್ಳೋವರೆಗೂ ಯಾವ ಡಾಕ್ಟ್ರನ್ನೂ ಹತ್ರ ಸೇರಿಸಲ್ಲ. ಕಣ್ಣು ಹೋದ್ರೆ ಹೋಗ್ಲಿ, ಅವಳ ಮುಖ ನೋಡ್ಕೊಂಡು ಹೋಗ್ಲಿ" ಎಂದು ದೊಡ್ಡಮ್ಮ ಫೋನಿನಲ್ಲಿ ಹಟ ಹಿಡಿದಿದ್ದಳು. ನಮ್ಮಮ್ಮ, ಎಂಬತ್ತೆರಡರ ಚಿಕ್ಕಮುನಿಯಮ್ಮ, ಆ ದಿನದಿಂದ ನೆಟ್ಟಗೆ ಉಂಡಿರಲಿಲ್ಲ.

"ಅಂಜನ, ಅಕ್ಕ ಹಟಮಾರಿ. ನಾನು ಹೋಗಿಲ್ಲ ಅಂದ್ರೆ ನಿಜವಾಗ್ಲೂ ಎದ್ದು ಬಂದ್ಬಿಡ್ತಾಳೆ. ನನ್ನನ್ನ ಹೊತ್ತಿಗೆ ಸರಿಯಾಗಿ ತಲುಪಿಸ್ಬಿಡಪ್ಪ, ಇನ್ನೇನೂ ಕೇಳಲ್ಲ" ಎಂದಿದ್ದಳು.

ಮಗಳು ಬೃಂದಾ ಕಾರು ಗೊತ್ತು ಮಾಡಿಕೊಡುತ್ತೇನೆ ಎಂದಳು. "ಕಾರಂತೆ ಕಾರು! ನಾನಿದೀನಿ" ಎಂದೆ. ಆ ‘ನಾನಿದೀನಿ’ಯನ್ನು ಇವತ್ತಿಗೂ ನನ್ನ ಮನೆಯಲ್ಲಿ ಯಾವುದಾದರೂ ಕೆಲಸ ಕೆಟ್ಟಾಗ ಎಲ್ಲರೂ ಸೇರಿ ಉಚ್ಚರಿಸುತ್ತಾರೆ.

ಗಾಡಿ ಮಧ್ಯಾಹ್ನ ಮೂರಕ್ಕೆ. ಅಪ್ಪನ ಕಾಲದ ಪದ್ಧತಿಯಂತೆ ಒಂದು ಗಂಟೆಗೇ ಅಮ್ಮನೊಂದಿಗೆ ಕಂಟೋನ್ಮೆಂಟಿನಲ್ಲಿ ಹಾಜರಾದೆ. ಶಾಂತಕುಮಾರಿ ನಮ್ಮ ಜೊತೆ ಬರಲಿಲ್ಲ. ಕಣ್ಣಿನ ಆಪರೇಷನ್ ಆದವರು ತಲೆಯ ಮೇಲಿಂದ ಬಟ್ಟೆ ಎಳೆದು ಹಾಕಿಕೊಳ್ಳಬಾರದೆಂದು ದೊಡ್ಡಮ್ಮನಿಗಾಗಿ ಮುಂದೆ ಗುಂಡಿಯಿರುವ ಎರಡು ಹತ್ತಿ ನೈಟಿ ಹೊಲಿಸಲು ಕೊಟ್ಟಿದ್ದಳು. ಅವನ್ನು ಟೈಲರ್ ಹತ್ತಿರ ಇಸಿದುಕೊಂಡು ನೇರ ಸ್ಟೇಷನ್ನಿಗೆ ಬರುವವಳಿದ್ದಳು.

"ಟಿಕೆಟ್ ನನ್ನ ಮೊಬೈಲಲ್ಲಿದೆ. ನಾನು ಬರೋವರೆಗೂ ನೀವು ಏನೂ ಮಾಡ್ಬೇಡಿ" ಎಂದು ಹೊರಡುವಾಗ ಹೇಳಿದ್ದಳು.

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ. ಸುಮ್ನೆ ಕೂತಿರಿ!"

ನಾನು ಕೂತೆ. ಪ್ರತಿಜ್ಞೆಯಂತೆ ನನ್ನ ಮೊಬೈಲನ್ನೂ ಅಮ್ಮನದನ್ನೂ ಆಫ್ ಮಾಡಿ ಎರಡನ್ನೂ ನನ್ನ ಜೇಬಿಗಿಳಿಸಿದೆ. ಅಪ್ಪ ನನಗೆ ಬಾಯಿಪಾಠ ಮಾಡಿಸುತ್ತಿದ್ದ ಹಾಗೆ ಅಮ್ಮನಿಗೆ ಡಬ್ಬಿ, ಸೀಟು ಬಾಯಿಪಾಠ ಮಾಡಿಸಿದೆ. "ಡಿ ಮೂರು. ನಲವತ್ತೊಂದು, ನಲವತ್ತೆರಡು, ನಲವತ್ಮೂರು. ಹೇಳು ನೋಡೋಣ." ಅಮ್ಮ ಹೇಳಿದಳು. ಹತ್ತು ಸಲ ಹೇಳಿಸಿದೆ. ಹನ್ನೊಂದನೇ ಸಲ, "ಲೋ, ನಾನೇನು ಒಂದನೇ ಕ್ಲಾಸಾ?" ಎಂದು ಗದರಿ ಕಣ್ಣು ಮುಚ್ಚಿದಳು.

ಮೂರಕ್ಕೆ ಐದು ನಿಮಿಷವಿದೆ ಎನ್ನುವಾಗ ನೀಲಿ ಬಣ್ಣದ ಗಾಡಿಯೊಂದು ಒಳಗೆ ಬಂತು. ಐದು ನಿಮಿಷ ಮುಂಚೆ! ಪರವಾಗಿಲ್ಲ, ಈಗಿನವರೂ ಕಲಿತಿದ್ದಾರೆ ಎಂದುಕೊಂಡೆ.

"ಇದೇ ಏನೋ ನಮ್ಮ ಗಾಡಿ? ಯಾರನ್ನಾದ್ರೂ ಕೇಳೋ" ಎಂದಳು ಅಮ್ಮ.

"ಅಮ್ಮಾ, ನಾನಿರೋವಾಗ ಯಾರನ್ನ ಕೇಳ್ಬೇಕು?"

ಮೇಲೆ ಬೋರ್ಡಿನಲ್ಲಿ ಕೆಂಪಕ್ಷರ ಓಡುತ್ತಿತ್ತು. ಮೈಕಿನಲ್ಲಿ ಹೆಣ್ಣುದನಿಯೊಂದು ಮೂರು ಭಾಷೆಯಲ್ಲಿ ಏನೋ ಹೇಳುತ್ತಿತ್ತು. ರೈಲು ಗೊತ್ತಿಲ್ಲದವರಿಗಾಗಿ ಇರುವ ಸವಲತ್ತುಗಳವು, ನಮಗೇಕೆ? ಡಿ ಮೂರು ಎದುರಿಗೇ ಬಂದು ನಿಂತಿತು. ನಲವತ್ತೊಂದು ಖಾಲಿಯೇ ಇತ್ತು, ಕಿಟಕಿಯ ಪಕ್ಕದ್ದು! ಅಮ್ಮನನ್ನು ಕೂರಿಸಿ, ಬುತ್ತಿಯ ಚೀಲ, ನೀರಿನ ಕೂಜ, ಬಟ್ಟೆಯ ಬ್ಯಾಗು ಎಲ್ಲ ಕಾಲ ಬಳಿ ಜೋಡಿಸಿ, "ಇಂಜಿನ್ನಿಗೆ ಕೈಮುಗಿದು ಬಂದ್ಬಿಡ್ತೀನಿ" ಎಂದು ಕೆಳಗಿಳಿದೆ. ಕೈಯಲ್ಲಿ ಒಂದು ಮೊಳ ಮಲ್ಲಿಗೆ.

ಇಂಜಿನ್ನೇನೋ ಇತ್ತು. ಹೊಗೆಯಿಲ್ಲ, ಹಬೆಯಿಲ್ಲ, ಬೆವರಿಲ್ಲ. ಅಡಿಗೆ ಮನೆಯ ಫ್ರಿಜ್ಜಿನ ಅಣ್ಣನಂತೆ ಗುಂಯ್ ಎನ್ನುತ್ತ ನಿಂತಿತ್ತು. ಹೂವು ಸಿಕ್ಕಿಸಲು ಒಂದು ಕೊಕ್ಕೆಯಾದರೂ ಬೇಡವೇ? ಮೆಟ್ಟಿಲ ಪಕ್ಕದ ಹಿಡಿಕೆಗೆ ಅರ್ಧ ಸುತ್ತಿದ್ದೆ ಅಷ್ಟೆ, ಮೇಲಿನ ಕಿಟಕಿಯಿಂದ ಡ್ರೈವರು ತಲೆ ಹಾಕಿದ.

"ಯಜಮಾನ್ರೇ, ಏನ್ರೀ ಅದು? ದೂರ ನಿಲ್ರೀ!"

"ಹೂವಪ್ಪ, ಹೂವು. ಪೂಜೆ!"

"ಗಾಡಿ ಹೊರಡ್ತಿದೆ ರೀ!"

ಹೊರಡುತ್ತದೆಯೇ? ಇನ್ನೂ ಎರಡು ನಿಮಿಷವಾಗಿಲ್ಲ! ಹತ್ತು ನಿಮಿಷವಾದರೂ ನಿಲ್ಲಬೇಡವೇ? ನೀರು ಕುಡಿಯಬೇಡವೇ? ಕುಡಿಯುವ ಇಂಜಿನ್ನುಗಳು ಸತ್ತು ನಲವತ್ತು ವರ್ಷವಾಯಿತು ಎಂಬುದು ನನ್ನ ತಲೆಗೆ ಹೊಳೆಯುವಷ್ಟರಲ್ಲಿ ಅದು ಒಮ್ಮೆ ಕೂಗಿ, ಅರ್ಧ ಮೊಳ ಮಲ್ಲಿಗೆಯನ್ನು ನನ್ನ ಕೈಯಲ್ಲೇ ಬಿಟ್ಟು, ಜಾರತೊಡಗಿತು. ಓಡಿದೆ. ಓಡಿದೆ ಎಂದು ಬರೆಯುವುದು ಸುಲಭ. ಅರವತ್ತೆರಡರ ಮಂಡಿಗೆ ಆ ಪದದ ಪರಿಚಯವಿಲ್ಲ. ಮುಚ್ಚಿದ ಗಾಜಿನ ಡಬ್ಬಿಗಳು ಒಂದಾದ ಮೇಲೊಂದು ನನ್ನನ್ನು ದಾಟಿದವು. ಬಾಗಿಲಲ್ಲಿ ನಿಂತಿದ್ದವರು, "ಬೇಡ ಅಂಕಲ್, ಹತ್ಬೇಡಿ!" ಎಂದು ಕೈಬೀಸಿದರು. ಡಿ ಮೂರು ಬಂತು. ಕಿಟಕಿಯ ಸರಳಿಗೆ ಮೂಗು ಒತ್ತಿಕೊಂಡು ಅಮ್ಮ!

"ಲೋ ಅಂಜನಾ! ಇದು ಕೊಯಮತ್ತೂರಿಗೆ ಹೋಗೋ ಗಾಡಿಯಂತೆ ಕಣೋ!"

ಮಲ್ಲಿಗೆಯ ಕೈ ಬೀಸುತ್ತ ಡಬ್ಬಿಯ ಜೊತೆಗೇ ಓಡಿದೆ.

"ಇಳಿಯಮ್ಮಾ!" ಎಂದು ಕೂಗಿದೆ. ಗಾಡಿ ಓಡುತ್ತಿದೆ! "ಇಳೀಬೇಡ! ಕೂತ್ಕೋ! ಅಲ್ಲ, ಕೂತ್ಕೋಬೇಡ, ಯಾರಿಗಾದ್ರೂ ಹೇಳು!"

"ಮೊದ್ಲೇ ಹೇಳ್ದೆ, ಕೇಳೋ ಅಂತ..." ಎಂಬ ಮಾತಿನ ಬಾಲ ಮಾತ್ರ ಕೇಳಿಸಿತು. ಕೊನೆಯ ಡಬ್ಬಿಯ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು.

ಎಂಬತ್ತೆರಡು ವರ್ಷದ ಹೆಂಗಸು. ಟಿಕೆಟಿಲ್ಲ. ಮೊಬೈಲು ನನ್ನ ಜೇಬಿನಲ್ಲಿ. ಒಂದು ಕಡೆ ಕೊಯಮತ್ತೂರು, ಇನ್ನೊಂದು ಕಡೆ ತಂಗಿ ಬರದೆ ಕಣ್ಣು ಕೊಡದ ದೊಡ್ಡಮ್ಮ.

ಮೊಬೈಲು ಆನ್ ಮಾಡಿದೆ. ಶಾಂತಕುಮಾರಿಯ ಹನ್ನೊಂದು ಮಿಸ್ಡ್ ಕಾಲ್. ಜೊತೆಗೆ ಮೆಸೇಜು: "ನಮ್ಮ ಗಾಡಿ ಲೇಟ್, ಮೂರು ಇಪ್ಪತ್ತಕ್ಕೆ. ಮೊದಲು ಬರೋದು ಬೇರೆ ಗಾಡಿ. ಹತ್ತಬೇಡಿ." ಅದರ ಕೆಳಗೆ ಇನ್ನೊಂದು: "ಯಾಕೆ ಫೋನ್ ಆಫ್? ದಯವಿಟ್ಟು ಏನೂ ಮಾಡಬೇಡಿ!!"

ಓದಿ ತಲೆಯೆತ್ತಿದರೆ ಅವಳೇ ಎದುರಿಗೆ, ನೈಟಿಯ ಕವರು ಹಿಡಿದು ನಿಂತಿದ್ದಾಳೆ.

"ಅತ್ತೆ ಎಲ್ಲಿ?"

ಕೈಯಲ್ಲಿದ್ದ ಅರ್ಧ ಮೊಳ ಮಲ್ಲಿಗೆಯಿಂದ ಹಳಿಯ ಕಡೆ ತೋರಿಸಿದೆ. ನಲವತ್ತು ವರ್ಷದ ದಾಂಪತ್ಯದಲ್ಲಿ ವಿವರಣೆ ಬೇಕಾಗುವುದಿಲ್ಲ. ಅವಳ ಮುಖ ಬಿಳುಚಿಕೊಂಡಿತು. ಬೈಯಲಿಲ್ಲ! ಅದೇ ಹೆದರಿಕೆ ಹುಟ್ಟಿಸಿದ್ದು. ಮೊಬೈಲು ತೆಗೆದು ಎರಡು ನಿಮಿಷ ಬೆರಳಾಡಿಸಿ ನಿಟ್ಟುಸಿರು ಬಿಟ್ಟಳು.

"ಆ ಗಾಡಿ ಕೆ.ಆರ್. ಪುರದಲ್ಲಿ ನಿಲ್ಲತ್ತೆ. ನಮ್ಮದೂ ಅಲ್ಲೇ ನಿಲ್ಲತ್ತೆ. ಅತ್ತೆ ಅಲ್ಲೇ ಇಳೀತಾರೆ, ಬುದ್ಧಿವಂತರು. ನಮ್ಮ ಗಾಡಿ ಇನ್ನು ಹದಿನೆಂಟು ನಿಮಿಷಕ್ಕೆ ಬರತ್ತೆ. ಇಬ್ರೂ ಅದ್ರಲ್ಲೇ ಹೋಗೋಣ."

"ಹದಿನೆಂಟು ನಿಮಿಷ ಕೈಕಟ್ಟಿ ಕೂತ್ಕೊಳ್ಳೋದಾ? ಅವಳು ಇಳೀದೇ ಇದ್ರೆ? ಅಷ್ಟೊತ್ತಿಗೆ ಜೋಲಾರ್‌ಪೇಟೆ ದಾಟಿರ್ತಾಳೆ!"

"ರೀ, ನಿಮ್ಮ ಕಾಲು ಹಿಡ್ಕೋತೀನಿ, ಸುಮ್ನೆ..."

"ನೀನು ಗಾಡೀಲಿ ಬಾ. ನಾನು ಆಟೋದಲ್ಲಿ ಮುಂದೆ ಹೋಗಿ ಗಾಡಿ ಹಿಡೀತೀನಿ. ನಾನಿದೀನಿ!"

ಆಟೋ ಹತ್ತಿದೆ. "ಕೆ.ಆರ್. ಪುರ ಸ್ಟೇಷನ್! ಬೇಗ! ನಮ್ಮಮ್ಮ ತಪ್ಪು ಗಾಡಿ ಹತ್ಬಿಟ್ಟಿದಾರೆ!"

"ಅವರೇ ಹತ್ಬಿಟ್ರಾ, ಸಾರ್?" ಎಂದ ಆಟೋದವನು, ಶಿವಾಜಿನಗರದ ಹಳೇ ಹುಲಿ.

"ಹೂಂ" ಎಂದೆ. ದೇವರು ಕ್ಷಮಿಸಲಿ.

"ಟೆನ್ಶನ್ ನಕ್ಕೋ ಸಾರ್, ಉಡಾಯಿಸ್ಬಿಡ್ತೀನಿ" ಎಂದ. ಉಡಾಯಿಸಿದ, ಹಲಸೂರು ಕೆರೆಯವರೆಗೆ. ಅಲ್ಲಿಂದಾಚೆಗೆ ರಸ್ತೆಯೇ ನಿಂತುಬಿಟ್ಟಿತ್ತು. ಒಂದು ಬಸ್ಸು ಅಡ್ಡ, ಅದಕ್ಕೆ ಒಂದು ನೀರಿನ ಟ್ಯಾಂಕರ್ ಅಡ್ಡ, ಅದಕ್ಕೆ ಅಡ್ಡವಾಗಿ ಮದುವೆಯ ಬ್ಯಾಂಡಿನವರ ಟೆಂಪೋ.

ಈ ಮಧ್ಯೆ ನನಗೊಂದು ಉಪಾಯ ಹೊಳೆಯಿತು. ಪಕ್ಕದಂಗಡಿಯ ಶ್ರೀನಾಥ್! ಜರಿ ಬಾರ್ಡರು ಮಾರುವವನು. ನಗರದ ಯಾವ ಇಲಾಖೆಯ ಹೆಸರು ಹೇಳಿದರೂ "ಅಲ್ಲಿ ನಮ್ಮೋರಿದಾರೆ" ಎನ್ನುವ ಆಸಾಮಿ. ಫೋನು ಮಾಡಿದೆ.

"ಮೂರ್ತಿ, ನೀನೇನೂ ಯೋಚ್ನೆ ಮಾಡ್ಬೇಡ ಗುರು. ರೈಲ್ವೇಲಿ ನಮ್ಮ ಷಡ್ಡಕನ ಫ್ರೆಂಡ್ ಇದಾನೆ. ಗಾಡೀನೇ ನಿಲ್ಲಿಸ್ಬಿಡೋಣ. ನೀನು ಲೈನಲ್ಲೇ ಇರು, ಕಟ್ ಮಾಡ್ಬೇಡ. ಕಾನ್ಫರೆನ್ಸ್ ಹಾಕ್ತೀನಿ."

ಲೈನಿನಲ್ಲೇ ಇದ್ದೆ. ಕಿವಿಯಲ್ಲಿ ಪೀಂ ಪೀಂ ಎಂಬ ಸದ್ದು. ನಡುನಡುವೆ ಇನ್ನೊಂದು ಕರೆ ಬರುತ್ತಿದೆ ಎಂದು ಮೊಬೈಲು ನಡುಗುತ್ತಿತ್ತು. ಶಾಂತಕುಮಾರಿ. ಗಾಡಿ ನಿಲ್ಲಿಸುವ ಕರೆ ಕೈಯಲ್ಲಿರುವಾಗ ಬೈಗುಳದ ಕರೆ ಎತ್ತುವ ಮೂರ್ಖ ಯಾರು? ಎತ್ತಲಿಲ್ಲ.

"ಸಾರ್, ಹೀಗೇ ಹೋದ್ರೆ ನಿಮ್ಮಮ್ಮ ಕೊಯಮತ್ತೂರಲ್ಲಿ ಕಾಫಿ ಕುಡೀತಾರೆ, ನಾವು ಇನ್ನೂ ಟಿನ್ ಫ್ಯಾಕ್ಟರಿ ಸ್ಟಾಪ್ ನೋಡಿರಲ್ಲ. ಮೆಟ್ರೋ ಹತ್ರ ಬಿಡ್ತೀನಿ, ಓಡಿ" ಎಂದ ಆಟೋದವನು.

ಓಡಿದೆ, ಮಂಡಿಗೆ ಗೊತ್ತಾಗದ ಹಾಗೆ. ಹಲಸೂರು ಮೆಟ್ರೋದ ಮೆಟ್ಟಿಲು ಮುಗಿಯುವ ಹೊತ್ತಿಗೆ ಎದೆ ತಮಟೆಯಾಗಿತ್ತು. ಗಾಡಿ ಬಂತು, ಹತ್ತಿದೆ. ಇಂದಿರಾನಗರ. ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ! ಯಾರದೋ ಬ್ಯಾಗು ಸಿಕ್ಕಿಕೊಂಡಿದೆ. ಅಮ್ಮ ಇಳಿದಿದ್ದರೆ ಅಷ್ಟು ದೊಡ್ಡ ಮೆಟ್ಟಿಲನ್ನು ಹೇಗೆ ಇಳಿದಳು? ಇಳಿದವಳು ಬಿದ್ದಿದ್ದರೆ? ಇಳಿಯದೆ ಇದ್ದರೆ ನಾಳೆ ಬೆಳಗ್ಗೆ ದೊಡ್ಡಮ್ಮ ಆಸ್ಪತ್ರೆಯ ಮಂಚದ ಮೇಲೆ ಕೂತು ಬಾಗಿಲು ನೋಡುತ್ತಿದ್ದರೆ? ಎದುರಿಗೆ ಕೂತಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ ಎದ್ದು ಸೀಟು ಬಿಟ್ಟುಕೊಟ್ಟರು. ನನಗಿಂತ ಹತ್ತು ವರ್ಷ ದೊಡ್ಡವರು!

ಬೈಯ್ಯಪ್ಪನಹಳ್ಳಿ ದಾಟಿತು. ಕೆಳಗೆ ಹಳಿಗಳು ಕಂಡವು. ಹಳಿಯ ಮೇಲೆ ನೀಲಿ ಗಾಡಿಯೊಂದು ಆಮೆಯಂತೆ ತೆವಳುತ್ತಿತ್ತು.

"ಅಮ್ಮಾ!" ಎಂದು ಕಿರುಚಿಬಿಟ್ಟೆ.

ಇಡೀ ಡಬ್ಬಿ ಕಿಟಕಿಗೆ ಬಂತು. "ಎಲ್ಲಿ? ಎಲ್ಲಿದಾರೆ?"

"ಅದೇ! ಆ ಗಾಡಿ! ಸಿಗ್ನಲ್ ಸಿಕ್ಕಿಲ್ಲ! ಅರ್ಧ ಗಂಟೆಯಿಂದ ಇಲ್ಲೇ ತೆವಳ್ತಿದೆ ನಮ್ಮಮ್ಮನ ಗಾಡಿ!" ಮೆಟ್ರೋ ಅದನ್ನು ಹಿಂದಕ್ಕೆ ಹಾಕಿತು. ಹಿರಿಯರು ನನ್ನ ಬೆನ್ನು ತಟ್ಟಿದರು. ಯಾರೋ ಚಪ್ಪಾಳೆ ತಟ್ಟಿದರು! ಗೆದ್ದೆ! ಅಮ್ಮನ ಗಾಡಿಗಿಂತ ಮುಂಚೆ ಕೆ.ಆರ್. ಪುರದಲ್ಲಿ ನಿಂತಿರುತ್ತೇನೆ, ಅಪ್ಪನ ಮಗ!

ಮೆಟ್ರೋ ಇಳಿದು ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ, ಬುಟ್ಟಿ ಹೊತ್ತವರನ್ನೂ ಸೂಟ್‌ಕೇಸು ಎಳೆಯುವವರನ್ನೂ ಸವರಿಕೊಂಡು ನುಗ್ಗಿದೆ. ಮೈಕಿನಲ್ಲಿ ಏನೋ ಕೂಗುತ್ತಿದ್ದರು: "...ತಪ್ಪಿಸಿಕೊಂಡಿದ್ದಾರೆ... ಎಲ್ಲಿದ್ದರೂ ಕೂಡಲೇ..." ಪಾಪ, ಯಾರ ಮಗುವೋ ಏನೋ ಎಂದುಕೊಂಡೆ. ಜನ ಮಕ್ಕಳನ್ನು ಕೈ ಹಿಡಿದು ಕರೆದುಕೊಂಡು ಬರಬಾರದೇ? ಕೆಳಗೆ ನೀಲಿ ಗಾಡಿ ನಿಂತಾಗಿತ್ತು. ಮೆಟ್ಟಿಲನ್ನು ಎರಡೆರಡಾಗಿ ಇಳಿದೆ. ಕೊನೆಯ ಮೆಟ್ಟಿಲಲ್ಲಿ ಕಪ್ಪು ಕೋಟಿನ ತೋಳೊಂದು ಅಡ್ಡ ಬಂತು.

"ಟಿಕೆಟ್, ಸರ್?" ಎದೆಯ ಮೇಲಿನ ಪಟ್ಟಿಯಲ್ಲಿ ರಯಾನ್ ಎಂದಿತ್ತು. ಎಳೆಯ ಮುಖ, ಗಟ್ಟಿ ತೋಳು.

"ಟಿಕೆಟ್ ನನ್ನ ಹೆಂಡತಿ ಹತ್ರ ಇದೆ!"

"ಅವರೆಲ್ಲಿ?"

"ಹಿಂದಿನ ಗಾಡೀಲಿ ಬರ್ತಿದಾರೆ."

"ನೀವು ಯಾವ ಗಾಡೀಲಿ ಬಂದ್ರಿ?"

"ಮೆಟ್ರೋದಲ್ಲಿ!"

"ಹೋಗೋದೆಲ್ಲಿಗೆ?"

"ಮದ್ರಾಸಿಗೆ! ಆದ್ರೆ ಈಗ ಈ ಕೊಯಮತ್ತೂರ್ ಗಾಡಿ ಹತ್ಬೇಕು. ನಮ್ಮಮ್ಮ ಒಳಗಿದಾರೆ!"

"ಸರ್, ಇದು ಕೊಯಮತ್ತೂರ್ ಗಾಡಿ ಅಲ್ಲ. ಅದು ಹೋಗಿ ಇಪ್ಪತ್ತೈದು ನಿಮಿಷ ಆಯ್ತು. ಇದು ಚೆನ್ನೈದು."

ಹೋಗಿ ಇಪ್ಪತ್ತೈದು ನಿಮಿಷ! ಹಾಗಾದರೆ ಮೆಟ್ರೋದಿಂದ ಕಂಡದ್ದು ನಮ್ಮದೇ ಗಾಡಿ. ಅಮ್ಮ ಹೋದಳು. ಹೋಗೇಬಿಟ್ಟಳು. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಗಾಡಿ ಕೂಗಿತು. ಒಂದು ಡಬ್ಬಿ, ಎರಡು ಡಬ್ಬಿ... ಡಿ ಮೂರು.

ನಲವತ್ತೊಂದನೇ ಸೀಟಿನಲ್ಲಿ, ಕಿಟಕಿಯ ಪಕ್ಕ, ಅಮ್ಮ! ಕೈಯಲ್ಲಿ ಚಿತ್ರಾನ್ನದ ಪೊಟ್ಟಣ! ಅವಳ ಪಕ್ಕದಲ್ಲಿ ಶಾಂತಕುಮಾರಿ, ಕಿವಿಗೆ ಮೊಬೈಲು!

"ನೋಡೇ ಶಾಂತಾ, ಅಲ್ಲಿದಾನೆ! ಸಿಕ್ಕಿದ ಕಣೇ!" ಎಂದು ಅಮ್ಮ ಕೈತಟ್ಟಿದಳು.

ಎದ್ದು ಓಡಹೊರಟವನನ್ನು ರಯಾನ್ ಸೊಂಟ ಹಿಡಿದು ನಿಲ್ಲಿಸಿದ. "ಓಡೋ ಗಾಡಿ ಬೇಡ ಅಂಕಲ್, ಪ್ಲೀಸ್!" ಕೆಂಪು ದೀಪ ದೂರವಾಯಿತು. ಒಂದೇ ಮಧ್ಯಾಹ್ನ ಎರಡನೇ ಸಲ ನನ್ನ ತಾಯಿ ನನ್ನೆದುರಿಗೇ ರೈಲಿನಲ್ಲಿ ಹೊರಟುಹೋದಳು!

ಕಿವಿಯಲ್ಲಿ ಶ್ರೀನಾಥ್ ಜೀವ ತಳೆದ. "ಮೂರ್ತಿ! ಗುಡ್ ನ್ಯೂಸ್! ಆ ಫ್ರೆಂಡು ಹೋದ ವರ್ಷವೇ ರಿಟೈರ್ ಆಗಿದಾನಂತೆ, ಆದ್ರೂ..."

ಕಟ್ ಮಾಡಿದೆ. ಮೊಬೈಲು ತಕ್ಷಣ ನಡುಗಿತು.

"ಇಪ್ಪತ್ಮೂರು ಸಲ ಮಾಡ್ದೆ" ಎಂದಳು ಶಾಂತಕುಮಾರಿ. "ನಮ್ಮ ಗಾಡಿ ಕಂಟೋನ್ಮೆಂಟಿಗೆ ಬರೋ ಮೊದಲೇ ಅತ್ತೆ ಕೆ.ಆರ್. ಪುರದಲ್ಲಿ ಇಳಿದಿದ್ರು. ಅಲ್ಲಿಂದ ನಮ್ಮ ಅಂಗಡಿಗೆ ಫೋನ್ ಮಾಡ್ಸಿ, ಅಂಗಡಿಯವರು ನನಗೆ ಹೇಳಿದ್ರು. ಸುಮ್ನೆ ಒಂದು ಬೆಂಚಲ್ಲಿ ಕೂತಿದ್ದಿದ್ರೆ ಸಾಕಾಗಿತ್ತು ನೀವು. ಕೊಡ್ತೀನಿ, ಅತ್ತೆ ಮಾತಾಡ್ಬೇಕಂತೆ."

"ಅಂಜನ, ಊಟ ಮಾಡಿದ್ಯಾ?"

"ಅಮ್ಮಾ, ನೀನು ಇಳಿದಿದ್ದು ಹೇಗೆ?"

"ಪಕ್ಕದಲ್ಲಿ ಖುರ್ಷೀದ್ ಅಂತ ಒಳ್ಳೇ ಹೆಂಗಸು ಕೂತಿದ್ಲು. ಈರೋಡಿನ ಕಡೆಯವಳು. ಕೂತ ತಕ್ಷಣ ಕೇಳ್ದೆ, ಇದು ಮದ್ರಾಸಿಗಾ ಅಂತ. ಅಲ್ಲ ಅಂದ್ಲು. ಅಷ್ಟೇ ನೋಡು ಮಾಡ್ಬೇಕಾಗಿದ್ದು. ಅವಳೇ ಕೈ ಹಿಡ್ದು ಇಳ್ಸಿ, ಅಲ್ಲಿದ್ದ ಕರೀ ಕೋಟಿನ ಹುಡುಗನಿಗೆ ಒಪ್ಸಿ ಹೋದ್ಲು. ನಾನು ಹೇಳ್ದೆ ಅವನಿಗೆ, ಡಿ ಮೂರು, ನಲವತ್ತೊಂದು, ಹಿಂದಿನ ಗಾಡೀಲಿ ಸೊಸೆ ಬರ್ತಾಳೆ, ಕೂರ್ಸಪ್ಪ ಅಂತ. ಕೂರ್ಸಿದ." ಆಮೇಲೆ ನನಗೆ ಬುದ್ಧಿ ಹೇಳಿದಳು. "ನೀನು ಹುಷಾರಾಗಿ ಮನೆಗೆ ಹೋಗು. ಆಟೋದವನಿಗೆ ಅಡ್ರೆಸ್ಸು ಸರಿಯಾಗಿ ಹೇಳು. ದಾರೀಲಿ ಯಾರು ಏನು ಕೊಟ್ರೂ ತಿನ್ಬೇಡ."

ದೊಡ್ಡಮ್ಮನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮರುದಿನ ಬೆಳಗ್ಗೆ ತಂಗಿಯ ಕೈ ಹಿಡಿದುಕೊಂಡೇ ಆಪರೇಷನ್ ಕೋಣೆಯ ಬಾಗಿಲವರೆಗೂ ಹೋದಳಂತೆ. ಕಣ್ಣು ಉಳಿಯಿತು. ಪಟ್ಟಿ ಬಿಚ್ಚಿದ ಮೇಲೆ ತಂಗಿಯ ಮುಖವನ್ನು ತುಂಬ ಹೊತ್ತು ನೋಡಿ, "ಮುದುಕಿಯಾಗ್ಬಿಟ್ಟಿದೀಯಲ್ಲೇ ಚಿಕ್ಕಿ" ಎಂದು ಅತ್ತಳಂತೆ. ನಾನು ಮಾರನೆಯ ಸಂಜೆ ಬಸ್ಸಿನಲ್ಲಿ ಹೋಗಿ ಸೇರಿಕೊಂಡೆ. ರೈಲಿನಲ್ಲಿ ನನ್ನನ್ನು ಒಬ್ಬನೇ ಕಳಿಸಲು ಮನೆಯಲ್ಲಿ ಯಾರೂ ಒಪ್ಪಲಿಲ್ಲ.

ಆದರೆ ಅವತ್ತು ಕೆ.ಆರ್. ಪುರದ ಪ್ಲಾಟ್‌ಫಾರ್ಮಿನಲ್ಲಿ ನನ್ನ ಕಥೆ ಇನ್ನೂ ಮುಗಿದಿರಲಿಲ್ಲ. ಫೋನಿಟ್ಟು ತಿರುಗಿದರೆ ರಯಾನ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದ. ಬಿಳಿ ಅಂಗಿ, ಕೈಯಲ್ಲಿ ಬಾಡಿದ ಮಲ್ಲಿಗೆ.

"ಅಂಕಲ್, ನಿಮ್ಮ ಹೆಸರು ಅಂಜನಮೂರ್ತೀನಾ?"

"ಹೌದು."

"ಅಯ್ಯೋ ದೇವರೇ! ಅರ್ಧ ಗಂಟೆಯಿಂದ ಮೈಕಲ್ಲಿ ಕೂಗಿಸ್ತಿದೀವಲ್ಲ ನಿಮ್ಮನ್ನ! ಬನ್ನಿ ಬನ್ನಿ, ಆಫೀಸಿಗೆ ಬನ್ನಿ."

ಪುಟ್ಟ ಆಫೀಸಿನಲ್ಲಿ ದಪ್ಪ ರಿಜಿಸ್ಟರೊಂದು ತೆರೆದಿತ್ತು. ರಯಾನ್ ನನ್ನೆದುರು ತಿರುಗಿಸಿ ಇಟ್ಟ. ಅಮ್ಮ ಹೇಳಿದ್ದು, ಅವನು ದುಂಡಗೆ ಬರೆದದ್ದು:

"ಕಾಣೆಯಾದವರು: ಅಂಜನಮೂರ್ತಿ. ವಯಸ್ಸು: ಅರವತ್ತೆರಡು. ಕೊನೆಗೆ ಕಂಡ ಸ್ಥಳ: ಕಂಟೋನ್ಮೆಂಟ್, ಇಂಜಿನ್ ಬಳಿ. ದೂರು ಕೊಟ್ಟವರು: ತಾಯಿ. ಗುರುತು: ಹೇಳಿದ ಮಾತು ಕೇಳುವುದಿಲ್ಲ. ವಿಶೇಷ ಸೂಚನೆ: ಸಿಕ್ಕರೆ ಗದರಿಸಬೇಡಿ, ಹೆದರಿಕೊಳ್ಳುತ್ತಾನೆ."

"ಅವರು ಹೇಳಿದ್ದು, 'ನಾನು ತಪ್ಪಿಸ್ಕೊಂಡಿಲ್ಲಪ್ಪ, ನನ್ನ ಮಗ ತಪ್ಪಿಸ್ಕೊಂಡಿದಾನೆ' ಅಂತ" ಎಂದ ರಯಾನ್, ನಗು ನುಂಗುತ್ತ. "ಬರೆದ ಮೇಲೆ ಕ್ಲೋಸ್ ಮಾಡ್ಲೇಬೇಕು ಅಂಕಲ್. ಇಲ್ಲೊಂದು ಸೈನ್ ಬೇಕು."

ಅವನ ಬೆರಳ ಕೆಳಗೆ ಅಚ್ಚಾದ ಸಾಲೊಂದಿತ್ತು: "ಮೇಲ್ಕಂಡ ವ್ಯಕ್ತಿಯನ್ನು ಸುಸ್ಥಿತಿಯಲ್ಲಿ ಪಡೆದುಕೊಂಡಿದ್ದೇನೆ."

"ಯಾರು ಹಾಕ್ಬೇಕು ಸಹಿ?"

"ನಿಮ್ಮನ್ನ ಕರ್ಕೊಂಡು ಹೋಗೋರು."

"ಅವರೆಲ್ಲ ಆಗಲೇ ಆ ಗಾಡೀಲಿ ಹೋದ್ರಲ್ಲಪ್ಪ."

ರಯಾನ್ ತಲೆ ಕೆರೆದುಕೊಂಡ. "ಹಾಗಾದ್ರೆ ನೀವೇ ಹಾಕ್ಬಿಡಿ."

ನಲವತ್ತು ವರ್ಷದಿಂದ ಮಾಲು ಬಿಚ್ಚಿ ನೋಡದೆ ಒಂದು ರಸೀದಿಗೂ ಸಹಿ ಮಾಡಿದವನಲ್ಲ ನಾನು. ಬೀರುವಿನ ಗಾಜಿನಲ್ಲಿ ಆ ವ್ಯಕ್ತಿಯನ್ನು ಒಮ್ಮೆ ಮೇಲಿಂದ ಕೆಳಗೆ ಪರೀಕ್ಷಿಸಿದೆ. ಪೆನ್ನು ತೆಗೆದುಕೊಂಡೆ. "ಸುಸ್ಥಿತಿಯಲ್ಲಿ" ಎಂಬುದನ್ನು ಹೊಡೆದುಹಾಕಿ ಸಹಿ ಮಾಡಿದೆ.